ಡಾಸನ್‌ನಿಂದ ಟಕ್ಟೊಯಾಕ್ಟಕ್‌ಗೆ: ಹೆಪ್ಪುಗಟ್ಟಿದ ನೆಲದ ಮೇಲೊಂದು ರಸ್ತೆ ಪ್ರಯಾಣ

ಕೆನಡಾದ ವಾಯವ್ಯ ಮೂಲೆಯಲ್ಲಿ, ಡಾಸನ್ ಸಿಟಿಯಿಂದ ಸುಮಾರು 40 ಕಿ.ಮೀ. ಪೂರ್ವಕ್ಕೆ ಕವಲೊಡೆಯುವ ಡೆಂಪ್‌ಸ್ಟರ್ ಹೆದ್ದಾರಿ ಯೂಕಾನ್ ದಾಟಿ, ನಾರ್ತ್‌ವೆಸ್ಟ್ ಟೆರಿಟರೀಸ್‌ನ ಇನುವಿಕ್ ಪಟ್ಟಣವನ್ನು ಸುಮಾರು 740 ಕಿ.ಮೀ. ದೂರದಲ್ಲಿ ಮುಟ್ಟುತ್ತದೆ. 2017ರ ನವೆಂಬರ್‌ನಲ್ಲಿ ತೆರೆದ ಇನ್ನೊಂದು ರಸ್ತೆ ಅಲ್ಲಿಂದ ಸುಮಾರು 140 ಕಿ.ಮೀ. ಮುಂದಕ್ಕೆ ಹೋಗಿ, ಆರ್ಕ್ಟಿಕ್ ಸಾಗರದ ದಡದ ಟಕ್ಟೊಯಾಕ್ಟಕ್ ಎಂಬ ಊರಿನಲ್ಲಿ ಮುಗಿಯುತ್ತದೆ. ಬೇಸಿಗೆಯ ಕೊನೆಯಲ್ಲಿ ನಾವು ಈ ದಾರಿಯಲ್ಲಿ ಹೋಗಿಬಂದೆವು. ಹೋಗಬೇಕೆಂದಿರುವವರು ನಕ್ಷೆ ಬಿಡಿಸುವ ಮೊದಲು ಅಲ್ಲಿನ ನೆಲವನ್ನು ಅರ್ಥಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಟೈರಿನಿಂದ ಹಿಡಿದು ತಾರೀಖಿನವರೆಗೆ ಎಲ್ಲವನ್ನೂ ನಿರ್ಧರಿಸುವುದು ಅದೇ.

ಬೇಸಿಗೆಯಲ್ಲಿ ಇಲ್ಲಿನ ಮಣ್ಣಿನ ಮೇಲ್ಪದರ ಒಂದಿಷ್ಟು ಕರಗುತ್ತದೆ. ಅದರ ಕೆಳಗಿನದು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಪರ್ಮಾಫ್ರಾಸ್ಟ್ ಎಂದು ಕರೆಯುವ ಈ ನೆಲದ ಮೇಲೆ ಕಪ್ಪು ಡಾಂಬರು ಹಾಸಿದರೆ ಅದು ಬಿಸಿಲನ್ನು ಹೀರಿ ಕೆಳಗಿನ ಐಸನ್ನು ಕರಗಿಸುತ್ತದೆ, ರಸ್ತೆ ಕುಸಿಯುತ್ತದೆ. ಆದ್ದರಿಂದ ನೆಲಕ್ಕೆ ಶಾಖ ತಾಗದಂತೆ ಡೆಂಪ್‌ಸ್ಟರ್ ರಸ್ತೆಯನ್ನು ಆಳೆತ್ತರದ ಜಲ್ಲಿಯ ದಿಬ್ಬದ ಮೇಲೆ ಕಟ್ಟಿದ್ದಾರೆ. ಟಕ್ಟೊಯಾಕ್ಟಕ್ ರಸ್ತೆಯ ದಿಬ್ಬವನ್ನಂತೂ ಬಹುಪಾಲು ಚಳಿಗಾಲಗಳಲ್ಲೇ, ನೆಲ ಕಲ್ಲಿನಂತೆ ಗಟ್ಟಿಯಾಗಿರುವಾಗ, ಮಣ್ಣು ಸುರಿದು ಎಬ್ಬಿಸಿದರು. ಇದರ ಫಲ ಪ್ರವಾಸಿಗೆ ನೇರವಾಗಿ ತಟ್ಟುತ್ತದೆ. ಜಲ್ಲಿಯಲ್ಲಿ ಚೂಪಾದ ಕಲ್ಲಿನ ಚಕ್ಕೆಗಳಿರುವುದರಿಂದ ಒಂದಲ್ಲ, ಎರಡು ಸ್ಟೆಪ್ನಿಗಳು ಬೇಕು, ಅವು ಪೂರ್ಣ ಗಾತ್ರದವಾಗಿರಬೇಕು. ಮಳೆ ಬಂದರೆ ಮೇಲ್ಮೈ ಸಾಬೂನು ಸವರಿದಂತೆ ಜಾರುತ್ತದೆ. ದಿಬ್ಬದ ಅಂಚಿನ ಮಣ್ಣು ಸಡಿಲವಾಗಿರುವುದರಿಂದ ಎದುರಿಗೆ ಲಾರಿ ಬಂದಾಗ ವೇಗ ತಗ್ಗಿಸಿ, ಆದರೆ ತೀರಾ ಅಂಚಿಗೆ ಸರಿಯಬೇಡಿ. ಬಾಡಿಗೆ ಕಾರು ತೆಗೆದುಕೊಳ್ಳುವವರು ಜಲ್ಲಿ ರಸ್ತೆಗೆ ಅನುಮತಿ ಇದೆಯೇ ಎಂಬುದನ್ನು ಕರಾರಿನಲ್ಲೇ ಓದಿ ನೋಡಬೇಕು. ಬಹುತೇಕ ಒಪ್ಪಂದಗಳು ಅದನ್ನು ನಿಷೇಧಿಸುತ್ತವೆ.

ಕವಲಿನಿಂದ ಈಗಲ್ ಪ್ಲೇನ್ಸ್ ಎಂಬ ತಂಗುದಾಣದವರೆಗಿನ 369 ಕಿ.ಮೀ.ಗಳಲ್ಲಿ ಪೆಟ್ರೋಲ್ ಬಂಕ್ ಇಲ್ಲ. ದಾರಿಯ ಹೆಚ್ಚಿನ ಭಾಗದಲ್ಲಿ ಮೊಬೈಲ್ ಸಿಗ್ನಲ್ ಕೂಡ ಇಲ್ಲ, ಉಪಗ್ರಹ ಸಂದೇಶದ ಸಾಧನವೊಂದನ್ನು ಬಾಡಿಗೆಗಾದರೂ ತನ್ನಿ. ಸಸ್ಯಾಹಾರಿಗಳು ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ಕ್ಷೇಮ. ರಾತ್ರಿ ಅದನ್ನೆಲ್ಲ ಟೆಂಟಿನೊಳಗೆ ಇಟ್ಟುಕೊಳ್ಳದೆ ಕಾರಿನಲ್ಲಿ ಬೀಗ ಹಾಕಿಡಿ, ಇದು ಕರಡಿಗಳ ನಾಡು. ಕರಡಿ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಲ್ಲಿ ಕೊಳ್ಳಬೇಕು.

ಇನುವಿಕ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎರಡೂ ಸೇರಿ 250 ಮಿ.ಮೀ. ಆಸುಪಾಸು, ನಮ್ಮ ಚಳ್ಳಕೆರೆಯ ಮಳೆಗಿಂತಲೂ ಕಡಿಮೆ. ಹಾಗಿದ್ದರೂ ಎಲ್ಲಿ ಕಾಲಿಟ್ಟರೂ ಜೌಗು. ಹೆಪ್ಪುಗಟ್ಟಿದ ಪದರ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ, ತಂಪಿನಲ್ಲಿ ಆವಿಯಾಗುವುದೂ ಕಡಿಮೆ, ಹೀಗಾಗಿ ಬಿದ್ದಷ್ಟೂ ನೀರು ಮೇಲೆಯೇ ನಿಲ್ಲುತ್ತದೆ. ಜೂನ್, ಜುಲೈ ತಿಂಗಳ ಸೊಳ್ಳೆಗಳ ದಂಡಿಗೆ ಇದೇ ಕಾರಣ. ಕಪ್ಪು ಸ್ಪ್ರೂಸ್ ಮರಗಳ ಬೇರುಗಳು ಆಳಕ್ಕೆ ಇಳಿಯಲಾರವು. ಕೆಳಗಿನ ಐಸ್ ಕರಗಿ ನೆಲ ಸರಿದ ಕಡೆ ಅವು ಒಂದೊಂದು ದಿಕ್ಕಿಗೆ ವಾಲಿ ನಿಂತಿರುತ್ತವೆ.

ಸಮಯ ಹೆಚ್ಚು ಮೀಸಲಿಡಬೇಕಾದದ್ದು ಟೂಂಬ್‌ಸ್ಟೋನ್ ಉದ್ಯಾನಕ್ಕೆ. 71ನೇ ಕಿ.ಮೀ.ಯಲ್ಲಿರುವ ಮಾಹಿತಿ ಕೇಂದ್ರದಲ್ಲಿ ಕರಡಿಗಳ ಸುಳಿವು ಕೇಳಿಕೊಂಡೇ ನಡಿಗೆಗೆ ಹೊರಡಿ. ಅದರಾಚೆಯ ಓಗಿಲ್ವಿ ಬೆಟ್ಟಗಳ ಬಹುಭಾಗ ಕಳೆದ ಹಿಮಯುಗದಲ್ಲೂ ಹಿಮನದಿಗಳಿಗೆ ಸಿಕ್ಕದೆ ಉಳಿಯಿತು. ಹಾಗಾಗಿ ಅಲ್ಲಿ ಹಿಮನದಿ ಕೊರೆದ ಚೂಪು ಶಿಖರಗಳಿಲ್ಲ. ಸವೆದ ಬೂದು ಗುಡ್ಡಗಳಿವೆ, ಅವುಗಳ ನೆತ್ತಿಯಲ್ಲಿ ಕೋಟೆಯ ಬುರುಜಿನಂಥ ಬಂಡೆಗಳಿವೆ. ಎಂಜಿನಿಯರ್ ಕ್ರೀಕ್ ಬಳಿ ಕಾರು ನಿಲ್ಲಿಸಿ ನೋಡಿದರೆ ಕಬ್ಬಿಣದ ಅಂಶದಿಂದ ಹೊಳೆಯ ಕಲ್ಲುಗಳೆಲ್ಲ ಕಾವಿ ಬಣ್ಣಕ್ಕೆ ತಿರುಗಿವೆ. ಆ ನೀರನ್ನು ಕುಡಿಯಲು ತುಂಬಿಸಿಕೊಳ್ಳಬೇಡಿ.

ಈ ರಸ್ತೆ ಹುಟ್ಟಿದ್ದೇ ತೈಲದ ಆಸೆಯಿಂದ. ಈಗಲ್ ಪ್ಲೇನ್ಸ್ ಸುತ್ತ ತೈಲ, ಅನಿಲ ಹುಡುಕುತ್ತಿದ್ದ ಕಾಲದಲ್ಲಿ, 1959ರಲ್ಲಿ ಕೆಲಸ ಆರಂಭವಾಗಿ, ನಡುವೆ ವರ್ಷಗಟ್ಟಲೆ ನಿಂತು, 1979ರಲ್ಲಿ ಮುಗಿಯಿತು. ಮೆಕೆಂಜಿ ಕಣಿವೆಯ ಅನಿಲ ಕೊಳವೆ ಯೋಜನೆಯ ಬಗ್ಗೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಥಾಮಸ್ ಬರ್ಜರ್, ಅದನ್ನು ಹತ್ತು ವರ್ಷ ಮುಂದೂಡಬೇಕೆಂದೂ ಕ್ಯಾರಿಬೂ ಎಂಬ ಕಾಡು ಹಿಮಸಾರಂಗಗಳು ಮರಿಹಾಕುವ ಯೂಕಾನ್‌ನ ಉತ್ತರ ಕರಾವಳಿಯಲ್ಲಿ ಕೊಳವೆ ಬೇಡವೇ ಬೇಡವೆಂದೂ 1977ರಲ್ಲಿ ಶಿಫಾರಸು ಮಾಡಿದರು. ಮತ್ತೆ ತಲೆಯೆತ್ತಿದ ಯೋಜನೆಯನ್ನು ಕಂಪನಿಗಳು 2017ರಲ್ಲಿ ಕೈಬಿಟ್ಟವು. ಆ ಕರಾವಳಿಯನ್ನು ಬಳಸುವ ಪೊರ್ಕ್ಯುಪೈನ್ ಹಿಂಡಿನಲ್ಲಿ 2017ರ ಎಣಿಕೆಯಂತೆ ಎರಡು ಲಕ್ಷಕ್ಕೂ ಮಿಕ್ಕಿ ಕ್ಯಾರಿಬೂಗಳಿದ್ದವು. ಶರತ್ಕಾಲದಲ್ಲಿ ಅವು ಈ ರಸ್ತೆಯ ಕಡೆ ಬರುವುದುಂಟು, ಬಂದೇ ಬರುತ್ತವೆ ಎಂಬ ಭರವಸೆ ಮಾತ್ರ ಯಾರೂ ಕೊಡಲಾರರು.

ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಸೇತುವೆಯಿಲ್ಲ. ಬೇಸಿಗೆಯಲ್ಲಿ ಉಚಿತ ಫೆರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ರಸ್ತೆ. ಇವೆರಡರ ನಡುವಿನ ವಾರಗಳಲ್ಲಿ ದಾಟುವ ಬಗೆಯೇ ಇಲ್ಲ. ನೀರಿನ ಮಟ್ಟ ಬದಲಾದಂತೆಲ್ಲ ದಡದ ಜಲ್ಲಿಯನ್ನು ಯಂತ್ರದಿಂದ ತಳ್ಳಿ ಇಳಿಜಾರನ್ನು ಹೊಸದಾಗಿ ಮಾಡುತ್ತಾರೆ. ತಗ್ಗಾದ ಕಾರುಗಳ ಮುಂಭಾಗ ಅಲ್ಲಿ ತಾಗುತ್ತದೆ, ನಿಧಾನವಾಗಿ ಇಳಿಯಿರಿ.

ಇನುವಿಕ್‌ನ ಕಟ್ಟಡಗಳು ಕಂಬಗಳ ಮೇಲಿವೆ, ನೀರಿನ ಮತ್ತು ಚರಂಡಿಯ ಕೊಳವೆಗಳು ನೆಲದ ಮೇಲೆ ಪೆಟ್ಟಿಗೆಗಳೊಳಗೆ ಹಾದುಹೋಗುತ್ತವೆ. ಅನಿಲದ ನಿಕ್ಷೇಪಗಳ ನಡುವೆಯೇ ಇರುವ ಈ ಊರಿಗೆ ಹತ್ತಿರದ ಬಾವಿ ಸೊರಗಿದ ಮೇಲೆ ದ್ರವೀಕೃತ ಅನಿಲ ದಕ್ಷಿಣದಿಂದ ಇದೇ ಜಲ್ಲಿ ರಸ್ತೆಯಲ್ಲಿ ಲಾರಿಯೇರಿ ಬರುತ್ತದೆ. ದಿನಸಿಯ ಬೆಲೆ ಕಂಡು ಗಾಬರಿಯಾಗಬೇಡಿ.

ಟಕ್ಟೊಯಾಕ್ಟಕ್ ಬಳಿ ಒಡಲೊಳಗೆ ಐಸ್ ತುಂಬಿಕೊಂಡು ಉಬ್ಬಿದ ಪಿಂಗೊ ಎಂಬ ಗುಡ್ಡಗಳು ಸಾವಿರಕ್ಕೂ ಹೆಚ್ಚು ಇವೆ. ದೊಡ್ಡದಾದ ಇಬ್ಯುಕ್ 49 ಮೀಟರ್ ಎತ್ತರವಿದೆ. ಮೇಲಿನ ಮಣ್ಣು ಕಳಚಿದರೆ ಒಳಗಿನ ಐಸ್ ಕರಗುವುದರಿಂದ ಅವನ್ನು ಹತ್ತದೆ ದೂರದಿಂದಲೇ ನೋಡಬೇಕು. ಮರವೇ ಬೆಳೆಯದ ಆ ತೀರದಲ್ಲಿ ರಾಶಿ ಬಿದ್ದಿರುವ ದಿಮ್ಮಿಗಳು ಮೆಕೆಂಜಿ ನದಿ ಹೊತ್ತುತಂದವು. ಕಡಲ ಮೇಲಿನ ಐಸ್ ಕಡಿಮೆಯಾಗಿ ಅಲೆಗಳ ಹೊಡೆತ ಹೆಚ್ಚಿದೆ, ದಡ ಕೊರೆಯುತ್ತಿದೆ, ಅಂಚಿನ ಕೆಲವು ಮನೆಗಳನ್ನು ಈಗಾಗಲೇ ಹಿಂದಕ್ಕೆ ಸಾಗಿಸಿದ್ದಾರೆ. ಇದು ಇನುವಿಯಾಲುಯಿಟ್ ಎಂಬ ಮೂಲನಿವಾಸಿ ಜನರ ಊರು; ಒಣಗಲು ಹಾಕಿದ ಮೀನಿನ, ಮನೆಗಳ ಫೋಟೊ ತೆಗೆಯುವ ಮುನ್ನ ಕೇಳಿ.

ದಿನಾಂಕ ಆರಿಸುವುದಾದರೆ ನನ್ನ ಮತ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲ ವಾರಕ್ಕೆ. ಸೊಳ್ಳೆ ಕಡಿಮೆಯಾಗಿ ಟಂಡ್ರಾ ಕೆಂಪೇರಿರುತ್ತದೆ, ಕತ್ತಲು ಮರಳಿ ಧ್ರುವಪ್ರಭೆ ಕಾಣುವ ಅವಕಾಶವೂ ಇದೆ. ನಡುರಾತ್ರಿಯ ಸೂರ್ಯನೇ ಬೇಕೆನ್ನುವವರು ಜೂನ್‌ನಲ್ಲಿ ಹೋಗಲಿ. ಯಾವಾಗ ಹೋದರೂ ಗಾಳಿ, ಮಳೆ, ಫೆರಿಯ ತಡೆಗಾಗಿ ಕನಿಷ್ಠ ಎರಡು ದಿನ ಹೆಚ್ಚುವರಿ ಇಟ್ಟುಕೊಂಡು, ಹೊರಡುವ ಬೆಳಿಗ್ಗೆ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್ ಎರಡೂ ಸರ್ಕಾರಗಳ ರಸ್ತೆ ಸ್ಥಿತಿಯ ಪ್ರಕಟಣೆಯನ್ನು ನೋಡಿಕೊಳ್ಳಿ.