ಹೀಟ್ ಪಂಪ್ ಗೀಸರ್: ಹೋಲಿಕೆ ಎಲ್ಲಿಗೆ ಬಂತು

ಹಳೆ ಕಾಯಿಲ್ ಗೀಸರ್ ಬದಲಿಸುವ ಕೆಲಸ ಇನ್ನೂ ಕಾಗದದ ಮೇಲೇ ಇದೆ. ಆದರೆ ಪಟ್ಟಿ ಈಗ ಎರಡಕ್ಕೆ ಇಳಿದಿದೆ. ಒಂದು, ಕಂಪ್ರೆಸರ್ ಟ್ಯಾಂಕಿನ ಮೇಲೇ ಕೂತಿರುವ ಆಲ್-ಇನ್-ಒನ್. ಇನ್ನೊಂದು ಸ್ಪ್ಲಿಟ್: ಟ್ಯಾಂಕ್ ಒಳಗೆ, ಕಂಪ್ರೆಸರ್ ಹೊರಗೆ.

200 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 8.1 ಯೂನಿಟ್ ಬೇಕು. ಕಾಯಿಲ್ ಅಷ್ಟನ್ನೂ ಕರೆಂಟಿನಿಂದಲೇ ತೆಗೆದುಕೊಳ್ಳುತ್ತದೆ. ಹೀಟ್ ಪಂಪ್ ಗಾಳಿಯಲ್ಲಿರುವ ಶಾಖವನ್ನೇ ಎಳೆದು ನೀರಿಗೆ ಸೇರಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತದೆ ಅನ್ನೋ ಲೆಕ್ಕವೇ ಸಿಒಪಿ. ಅದು 3 ಇದ್ದರೆ 2.7 ಯೂನಿಟ್ ಸಾಕು.

ಈ ಸಿಒಪಿಯೇ ತಲೆನೋವು. ಒಂದು ಕ್ಯಾಟಲಾಗಿನಲ್ಲಿ 4.2, ಇನ್ನೊಂದರಲ್ಲಿ 3.1. ಮೊದಲನೆಯದೇ ವಾಸಿ ಅನಿಸುತ್ತದೆ, ಅಲ್ವಾ? ಕೆಳಗಿನ ಸಣ್ಣ ಅಕ್ಷರ ಓದಿ. ಮೊದಲನೆಯದನ್ನು ಅಳೆದದ್ದು 20 ಡಿಗ್ರಿ ಗಾಳಿಯಲ್ಲಿ, ಎರಡನೆಯದನ್ನು 7 ಡಿಗ್ರಿಯಲ್ಲಿ. ಗಾಳಿ ತಣ್ಣಗಾದಷ್ಟೂ, ನೀರು ಜಾಸ್ತಿ ಬಿಸಿ ಬೇಕಾದಷ್ಟೂ ಸಿಒಪಿ ಇಳಿಯುತ್ತದೆ. ಹಾಗಾಗಿ ಸಿಒಪಿ, ಗಾಳಿಯ ಉಷ್ಣತೆ, ನೀರು ಎಷ್ಟರಿಂದ ಎಷ್ಟಕ್ಕೆ ಅಂತ ಮೂರು ಕಾಲಂ ಹಾಕಿದೆ. ಮೂರೂ ಹೇಳದ ಮಾದರಿಗಳನ್ನು ಹೊಡೆದುಹಾಕಿದೆ. ಅರ್ಧ ಪಟ್ಟಿ ಅಲ್ಲೇ ಖಾಲಿ!

ಆಮೇಲೆ ಟ್ಯಾಂಕಿನ ಅಳತೆ. ಇದು ಮುಖ್ಯ, ಯಾಕೆಂದರೆ ಹೀಟ್ ಪಂಪ್ ನಿಧಾನ. ನಾನು ನೋಡುತ್ತಿರುವ ಆಲ್-ಇನ್-ಒನ್ ನೀರಿಗೆ ಕೊಡುವುದು ಸುಮಾರು 1.5 ಕಿಲೋವಾಟ್ ಶಾಖ. ತಣ್ಣನೆ ಟ್ಯಾಂಕ್ ಬಿಸಿಯಾಗಲು ಐದು ಗಂಟೆ ದಾಟುತ್ತದೆ. 10 ಲೀಟರ್ ಬಕೆಟ್ ಶವರ್ ಕೆಳಗಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿದೆ: ತುಂಬಲು 75 ಸೆಕೆಂಡ್. ಅಂದರೆ ನಿಮಿಷಕ್ಕೆ 8 ಲೀಟರ್. ಎಂಟು ನಿಮಿಷದ ಸ್ನಾನಕ್ಕೆ 64 ಲೀಟರ್. ಮೈಗೆ 40 ಡಿಗ್ರಿ ಸಾಕು, ಹಾಗಾಗಿ ಅದರಲ್ಲಿ 55 ಡಿಗ್ರಿ ನೀರಿನ ಪಾಲು 37 ಲೀಟರಿನಷ್ಟು. ನಾಲ್ಕು ಜನಕ್ಕೆ 150ರ ಆಸುಪಾಸು. 200 ಲೀಟರ್ ಟ್ಯಾಂಕ್ ಸಾಲುತ್ತದೆ. 150ರದ್ದು ತಂದರೆ ಒಳಗಿನ ಬ್ಯಾಕಪ್ ಕಾಯಿಲ್ ಪದೇ ಪದೇ ಆನ್ ಆಗುತ್ತದೆ. ಆಗ ಇಷ್ಟೆಲ್ಲ ಒದ್ದಾಡಿದ್ದು ಸುಮ್ನೆ.

ಪಂಪಿನೊಳಗೆ ಸುತ್ತುತ್ತಾ ಶಾಖ ಹೊರುವ ಗ್ಯಾಸಿನ ವಿಷಯ ಚಿಕ್ಕದು. ಆಲ್-ಇನ್-ಒನ್‌ನಲ್ಲಿ ಪ್ರೊಪೇನ್, ಅಂದರೆ ಆರ್-290. ಸ್ಪ್ಲಿಟ್‌ನಲ್ಲಿ ಕಾರ್ಬನ್ ಡೈಆಕ್ಸೈಡ್. ಹಳೆ ಮಾದರಿಗಳ ಆರ್-134ಎ ಗ್ಯಾಸಿಗೆ ಹೋಲಿಸಿದರೆ, ಸೋರಿದರೂ ಎರಡೂ ವಾತಾವರಣವನ್ನು ಬಿಸಿ ಮಾಡುವುದು ಬಹಳ ಕಡಿಮೆ. ಕಾರ್ಬನ್ ಡೈಆಕ್ಸೈಡಿನದಕ್ಕೆ ಒಂದು ಹಟ ಇದೆ: ಒಳಬರುವ ನೀರು ತಣ್ಣಗಿರಬೇಕು. ಉಗುರುಬೆಚ್ಚಗಿನ ನೀರನ್ನೇ ಮತ್ತೆ ಕಾಯಿಸು ಅಂದರೆ ಅದರ ದಕ್ಷತೆ ಬಿದ್ದುಹೋಗುತ್ತದೆ.

ಕೊನೆಗೆ ತೂಕ ಸ್ಪ್ಲಿಟ್ ಕಡೆ ವಾಲುತ್ತಿರುವುದು ಜಾಗದಿಂದ. ಆಲ್-ಇನ್-ಒನ್‌ಗೆ ಸುಮಾರು 20 ಘನ ಮೀಟರ್ ಗಾಳಿ ಬೇಕು. ಸಾಮಾನು ಕೋಣೆ ಅಳೆದೆ, 12 ಬಂತು. ಬಾಗಿಲಿಗೆ ಜಾಲಿ ಹಾಕಿಸಬೇಕು, ಇಲ್ಲವಾದರೆ ತಾನೇ ಉಗುಳಿದ ತಣ್ಣನೆ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ತೊಟ್ಟಿಕ್ಕುವ ನೀರಿಗೆ ಡ್ರೈನ್ ಬೇರೆ.

ಸ್ಪ್ಲಿಟ್‌ಗೆ ಹೊರಗೋಡೆ ಇದೆ, ಆದರೆ ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲೇ. ಸದ್ದು ನಿದ್ದೆಗೆ ಅಡ್ಡಿಯಾಗದಂತೆ ಹಗಲಲ್ಲೇ ಓಡುವಂತೆ ಟೈಮರ್ ಇಡಬಹುದು, ಹೇಗಿದ್ದರೂ ಹಗಲಿನ ಗಾಳಿಯೇ ಬೆಚ್ಚಗೆ. ಇನ್ನು ಅಳೆಯಬೇಕಾದ್ದು ಅಲ್ಲಿಂದ ಟ್ಯಾಂಕಿಗೆ ಪೈಪ್ ಎಷ್ಟು ಉದ್ದ ಬೀಳುತ್ತದೆ ಅನ್ನೋದು.