ಕೊಡಲಿಗೆ ಕಾವು ಹಾಕುವುದನ್ನು ಕಲಿಯಲು ಚಿತ್ರದುರ್ಗದ ಕಡೆ ಹೊರಟವರಿಗೆ

ಕಾಡಿನಲ್ಲಿ ಬದುಕುವ ವಿದ್ಯೆ ಕಲಿಸುತ್ತೇವೆ ಎನ್ನುವ ಕ್ಯಾಂಪಿಗೆ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಕಾವಿಗೆ, ಅಂದರೆ ಕೊಡಲಿಯ ಹಿಡಿಗೆ, ಒಣಗಿದ ಮರ ಇಟ್ಟಿದ್ದೀರಾ? ತಲೆಗೆ 3,500 ರೂಪಾಯಿ ವಸೂಲಿ ಮಾಡಿದ ಒಂದು ಕಡೆ ಸಿಕ್ಕಿದ್ದು ನೈಲಾನ್ ಹಗ್ಗ, ಲೈಟರು, ರಾತ್ರಿ ಹನ್ನೆರಡರವರೆಗೆ ಡಿಜೆ. ಹಳ್ಳಿಯ ಬಡಗಿಯ ಚಪ್ಪರದಡಿ ಎರಡು ದಿನದ ಕೂಲಿ, ಮರದ ಬೆಲೆ ಕೊಟ್ಟು ಕೂತರೆ ಇದರ ಹತ್ತರಷ್ಟು ಕಲಿಯಬಹುದು.

ದುರ್ಗದ ಪಕ್ಕದ ಜೋಗಿಮಟ್ಟಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಎರಡೂ ವನ್ಯಜೀವಿ ಧಾಮಗಳು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಧಾಮದೊಳಗೆ ಅದಕ್ಕೆ ಅಪಾಯ ತರುವಂತೆ ಬೆಂಕಿ ಹಚ್ಚುವಂತಿಲ್ಲ, ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಆಯುಧದ ಪಟ್ಟಿಯಲ್ಲಿ ಚಾಕುವೂ ಇದೆ. ಹಾಗಾಗಿ ಕಾಡಿಗೆ ಬರಿಗೈಲಿ ಹೋಗಿ ಮರ ಗುರುತಿಸುವುದನ್ನಷ್ಟೇ ಕಲಿಯಿರಿ. ದಿಂಡಿಗ, ಕಮರ, ಆಲೆ ಯಾವುದು ಎಂದು ತೊಗಟೆ ನೋಡಿ ಹೇಳಲು ಬಂದರೆ ಒಂದು ಬೆಳಿಗ್ಗೆ ಸಾರ್ಥಕ. ಕೆಲಸವೆಲ್ಲ ಹೊಲದ ಬದುವಿನಲ್ಲಿ, ಬಡಗಿಯ ಅಂಗಳದಲ್ಲಿ.

ಮುಂಗಾರಿಗೆ ಮುಂಚೆ, ಅಂದರೆ ಮೇ ತಿಂಗಳಲ್ಲಿ ಹೋಗಬೇಡಿ. ಕೂರಿಗೆ, ಕುಂಟೆ ರಿಪೇರಿಗೆ ರೈತರು ಸಾಲುಗಟ್ಟಿರುತ್ತಾರೆ, ಬಡಗಿಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಒಳ್ಳೆಯದು. ಮೊದಲೇ ಫೋನ್ ಮಾಡಿ ಒಣಗಿದ ತುಂಡು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಸಿ ಮರದ ಕಾವು ಒಣಗುತ್ತ ಸಣ್ಣಗಾಗಿ ಕೊಡಲಿ ಸಡಿಲವಾಗುತ್ತದೆ. ಬೀಸುವಾಗ ಕಳಚಿ ಹಾರಿದರೆ ಎದುರಿಗಿದ್ದವರ ಗತಿ ಹೇಳಬೇಕಿಲ್ಲ. ಸೀಳಿದ ತುಂಡು ಐದಾರು ತಿಂಗಳಾದರೂ ನೆರಳಿನಲ್ಲಿ ಒಣಗಿರಬೇಕು. ಎರಡೂ ತುದಿಗೆ ಸಗಣಿ ಬಳಿಯುವುದು ತುದಿ ಬೇಗ ಒಣಗಿ ಬಿರುಕು ಬಿಡದಿರಲಿ ಎಂದು. ಆದರೂ ಬಿರಿಯುತ್ತದೆ. ಎರಡೂವರೆ ಅಡಿ ಕಾವಿಗೆ ಮೂರು ಅಡಿ ತುಂಡು ಕೇಳುವುದು ಅದಕ್ಕೇ.

ಹೊಲದ ಕರಿಜಾಲಿ ಕಾವಿಗೆ ಚೆನ್ನ. ತೊಗಟೆಯ ಬಿರುಕು ಮರಕ್ಕೆ ಸುತ್ತಿಕೊಂಡು ಏರಿದ್ದರೆ ಒಳಗಿನ ಎಳೆಯೂ ತಿರುಚಿಕೊಂಡಿರುತ್ತದೆ, ಅದನ್ನು ಬಿಡಿ. ಗರಗಸದಲ್ಲಿ ಕೊಯ್ಯಬೇಡಿ, ಬೆಣೆ ಹೊಡೆದು ಸೀಳಿ. ಗರಗಸ ಎಳೆಯನ್ನು ಕತ್ತರಿಸುತ್ತದೆ, ಸೀಳು ಎಳೆಯ ಜೊತೆಗೇ ಓಡುತ್ತದೆ. ಸೀಳು ಒಂದು ಬದಿಗೆ ಜಾರತೊಡಗಿದರೆ ದಪ್ಪ ಭಾಗವನ್ನು ಬಗ್ಗಿಸಿ ಒತ್ತಿ, ಸೀಳು ಆ ಕಡೆಗೆ ತಿರುಗುತ್ತದೆ. ನಡುವಿನ ತಿರುಳು ಕಾವಿನಲ್ಲಿ ಉಳಿಯಕೂಡದು.

ಆಮೇಲೆ ಬಾಚಿ, ಅಂದರೆ ಮರ ಕೆತ್ತುವ ಅಡ್ಡ ಬಾಯಿಯ ಹತಾರ. ಬಡಗಿ ತುಂಡನ್ನು ಕಾಲ್ಬೆರಳಿನಲ್ಲಿ ಹಿಡಿದು ಕೆತ್ತುತ್ತಾನೆ. ನೀವು ಆ ಸಾಹಸಕ್ಕೆ ಇಳಿಯದೆ ಕವೆಯಿರುವ ದಿಮ್ಮಿಗೆ ಆನಿಸಿ ಕೆತ್ತಿ. ಕಾವು ಗುಂಡಗಿರಬಾರದು, ಮೊಟ್ಟೆಯಾಕಾರ ಬರಬೇಕು. ಆಗ ಕೊಡಲಿಯ ಬಾಯಿ ಯಾವ ಕಡೆ ಇದೆ ಎಂದು ನೋಡದೆಯೇ ಕೈಗೆ ತಿಳಿಯುತ್ತದೆ. ಕೊಡಲಿಯ ತಲೆ ಕೂರುವ ತುದಿಯನ್ನು ಅದರ ತೂತಿನ ಉದ್ದಕ್ಕೆ ಸೀಳಿ ಒಣ ಬೆಣೆ ಜಡಿಯಿರಿ. ಸಡಿಲವಾದ ಕೊಡಲಿಯನ್ನು ನೀರಲ್ಲಿ ಅದ್ದಿಡುವ ಉಪಾಯ ಊರೂರಲ್ಲಿದೆ. ಅಂದಿಗೆ ಬಿಗಿಯುತ್ತದೆ, ಆದರೆ ಉಬ್ಬಿದ ನಾರು ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗಿ, ಒಣಗಿದಾಗ ಮೊದಲಿಗಿಂತ ಸಡಿಲ. ವಾರ್ನಿಷ್ ಬೇಡ, ಕೈಗೆ ಬೊಕ್ಕೆ ಬರುತ್ತದೆ. ಅಗಸೆ ಎಣ್ಣೆ ಸಾಕು. ಹೊಂಗೆ ಎಣ್ಣೆ ಒಣಗದೆ ಜಿಡ್ಡಾಗಿ ಉಳಿಯುತ್ತದೆ.

ಕೈ ಪಳಗಿಸಲು ಬಳ್ಳಾರಿ ಜಾಲಿ ಬೇಕಾದಷ್ಟಿದೆ, ಕಡಿದರೆ ರೈತ ಖುಷಿಪಡುತ್ತಾನೆ. ಡೊಂಕು, ಗಂಟು, ಗಟ್ಟಿ, ಗೂಟಕ್ಕೆ ಸರಿ. ಮುಳ್ಳು ಹವಾಯಿ ಚಪ್ಪಲಿಯನ್ನು ದಾಟಿ ಬರುತ್ತದೆ.

ಕತ್ತಾಳೆ ಹಗ್ಗ ಬೇಕೆಂದರೆ ಪಟ್ಟೆಯನ್ನು ಜಜ್ಜಿ, ಮೊಂಡು ಕತ್ತಿಯಿಂದ ತಿರುಳು ಕೆರೆದು ನಾರು ತೆಗೆಯುವುದೇ ಬೇಗ. ರಸ ತಾಗಿದರೆ ಕೈ ಕೆಂಪಾಗಿ ಕೆರೆತ, ತುಂಬು ತೋಳಿನ ಅಂಗಿ ಹಾಕಿ. ಎರಡು ಎಳೆಗಳನ್ನೂ ಬಲಕ್ಕೆ ಹೊಸೆದು, ಒಂದರ ಮೇಲೊಂದನ್ನು ಎಡಕ್ಕೆ ಸುತ್ತಿ. ಎರಡೂ ಒಂದೇ ದಿಕ್ಕಿಗೆ ಹೋದರೆ ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಚಕಮಕಿಗೆ ಬೆಣಚುಕಲ್ಲು ಅಲ್ಲೇ ಸಿಗುತ್ತದೆ, ಉಕ್ಕಿಗೆ ಹಳೆಯ ಅರ (ಫೈಲು) ಸಾಕು. ಸೋಲುವುದು ಕಿಡಿ ಹಿಡಿಯುವ ಬಟ್ಟೆಯಲ್ಲಿ. ಹತ್ತಿ ಬಟ್ಟೆಯನ್ನು ಸಣ್ಣ ತೂತಿನ ಡಬ್ಬಿಯಲ್ಲಿಟ್ಟು ಹೊಗೆ ನಿಲ್ಲುವವರೆಗೆ ಕಾಯಿಸಿ, ಪೂರ್ತಿ ಆರುವ ಮುಂಚೆ ಮುಚ್ಚಳ ತೆಗೆದರೆ ಗಾಳಿ ಹೊಕ್ಕು ಬೂದಿ. ಟೆರಿಕಾಟ್ ಬೆರೆತಿದ್ದರೆ ಕರಗಿ ಅಂಟುತ್ತದೆ.

ಬಸ್ಸಿನ ವಿಷಯ. ಬೆಂಗಳೂರಿಂದ ದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಹತ್ತುವಾಗಲೇ ಕಂಡಕ್ಟರನ್ನು 'ಸ್ಟ್ಯಾಂಡ್ ಒಳಗೆ ಹೋಗ್ತದಾ' ಎಂದು ಕೇಳಿ. ಹುಬ್ಬಳ್ಳಿ ಕಡೆಯ ರಾತ್ರಿ ಬಸ್ಸು ಬೈಪಾಸಿನಲ್ಲಿ ಇಳಿಸಿ ಹೋದರೆ ಆ ಹೊತ್ತಲ್ಲಿ ಆಟೋದವರು ಕೇಳಿದ್ದೇ ರೇಟು. ನಿದ್ದೆಗಣ್ಣಲ್ಲಿ ಚೌಕಾಸಿ ಸಾಗುವುದಿಲ್ಲ.

ಊಟಕ್ಕೆ ಹೋಟೆಲ್ ಹುಡುಕದೆ ಸಂಜೆ ಮಂಡಕ್ಕಿ ಗಾಡಿ ಹಿಡಿಯಿರಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡುವುದರಲ್ಲೇ ಎಲ್ಲ ಇದೆ: ಹೆಚ್ಚು ನೆನೆದರೆ ಮುದ್ದೆ, ಕಡಿಮೆಯಾದರೆ ಗಂಟಲಿಗೆ ಒಣಗು. ಕಣ್ಣೆದುರೇ ಅದ್ದಿ, ಈರುಳ್ಳಿ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ಕೊಡುವ ಗಾಡಿಯನ್ನೇ ಆರಿಸಿ. ಬಾಣಲೆಯಲ್ಲಿ ಮೊದಲೇ ಕಲಸಿಟ್ಟದ್ದು ಬೇಡ. ಜೊತೆಗೆ ಎಣ್ಣೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಬಜ್ಜಿ ಎರಡು. ದಿನವಿಡೀ ಬಾಚಿ ಹಿಡಿದ ಕೈಗೆ ದಾವಣಗೆರೆಯ ಬೆಣ್ಣೆದೋಸೆಗಿಂತ ಇದೇ ಮೇಲು. ಅಲ್ಲಿ ಭಾನುವಾರ ಸೀಟಿಗೆ ಕಾಯುವ ತಾಳ್ಮೆ ಇದ್ದವರು ಬೇರೆ ಹೇಳಬಹುದು.

ವಾಪಸು ಬರುವಾಗ ಕೊಡಲಿಯ ಬಾಯಿಗೆ ಹಳೆ ಸೈಕಲ್ ಟ್ಯೂಬು ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಡಿಕ್ಕಿಗೆ ಹಾಕಿಸಿ.