ವಿದುರಾಶ್ವತ್ಥಕ್ಕೆ ಹೋಗುವವರಿಗೆ: ಪೂಜೆ ಮುಗಿದ ಮೇಲೂ ಎರಡು ಗಂಟೆ ಉಳಿಸಿಕೊಳ್ಳಿ

ಗೌರಿಬಿದನೂರಿನಿಂದ ಹಿಂದೂಪುರದ ದಿಕ್ಕಿಗೆ ಆರೇಳು ಕಿಲೋಮೀಟರ್ ಹೋದರೆ ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಾಗಪ್ರತಿಷ್ಠೆಗೆ ಬಂದವರು. ಪೂಜೆ ಮುಗಿಸಿ, ನೆರಳು ಹುಡುಕಿ ಬುತ್ತಿ ಬಿಚ್ಚಿ, ಉಂಡು ಹೊರಟುಬಿಡುತ್ತಾರೆ. 1938ರಲ್ಲಿ ಇಲ್ಲಿ ಪೊಲೀಸರ ಗುಂಡಿಗೆ ಸತ್ತವರ ನೆನಪಿಗೆ ಅಲ್ಲೇ ಇರುವ ವೀರಸೌಧಕ್ಕೆ ಸಿಗುವುದು ಹತ್ತು ನಿಮಿಷ, ಅದೂ ಮಕ್ಕಳು ಹಟ ಹಿಡಿದರೆ. ಸ್ಮಾರಕವನ್ನೇ ನೋಡಲು ಹೊರಟವರು ಈ ಲೆಕ್ಕ ತಿರುಗಿಸಬೇಕು: ಸೌಧಕ್ಕೆ ಒಂದೂವರೆ ಗಂಟೆ, ಹುತಾತ್ಮರ ಸ್ತೂಪಕ್ಕೂ ಸುತ್ತಲಿನ ಜಾಗಕ್ಕೂ ಅರ್ಧ ಗಂಟೆ, ದೇವಸ್ಥಾನಕ್ಕೆ ಉಳಿದಷ್ಟು.

ಹೋಗುವ ಮೊದಲು ಕಥೆಯ ಎಳೆ ಗೊತ್ತಿದ್ದರೆ ಗೋಡೆಯ ಮೇಲಿನ ಚಿತ್ರಗಳು ಮಾತಾಡುತ್ತವೆ, ಇಲ್ಲದಿದ್ದರೆ ಹಳೇ ಫೋಟೋಗಳ ಸಾಲು ಅಷ್ಟೇ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ನಿಷೇಧ ಇದ್ದರೂ ಅಲ್ಲಿ ತ್ರಿವರ್ಣ ಧ್ವಜ ಹಾರಿತು. ಅದೇ ಧ್ವಜ ಸತ್ಯಾಗ್ರಹ ಊರಿಂದ ಊರಿಗೆ ಹಬ್ಬಿ ಎರಡೇ ವಾರದಲ್ಲಿ ಸಂಸ್ಥಾನದ ಈ ಗಡಿಯ ತನಕ ಬಂತು. ವಿದುರಾಶ್ವತ್ಥದಲ್ಲಿ ಆಗ ಜಾತ್ರೆಯ ಕಾಲ. ಸಭೆ ಸೇರಬಾರದೆಂಬ ಆಜ್ಞೆ ಇತ್ತು, ಜನ ಸೇರಿದರು. ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ 32 ಎಂದು ಕೆಲವರು, 35 ಎಂದು ಕೆಲವರು ಬರೆದಿದ್ದಾರೆ. ಅಂದಿನ ಸರ್ಕಾರ ಒಪ್ಪಿಕೊಂಡ ಲೆಕ್ಕ ಇದಕ್ಕಿಂತ ತೀರಾ ಕಡಿಮೆ. ಒಂದು ಕಡೆ ಓದಿದ ಸಂಖ್ಯೆ ಇನ್ನೊಂದು ಕಡೆ ಹೊಂದದಿದ್ದರೆ ಗಲಿಬಿಲಿ ಬೇಡ, ಲೆಕ್ಕದ ಜಗಳ ಅವತ್ತಿನಿಂದಲೇ ಇದೆ.

ಈಗ ಮುಖ್ಯವಾದ ಮಾತು. ಈ ಊರಿಗೆ ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಅಂಟಿಕೊಂಡಿದೆ. ಹೆಸರು ಜನರನ್ನು ಕರೆತರುತ್ತದೆ, ನಿಜ. ಆದರೆ ಬಂದವರನ್ನು ದಾರಿಯೂ ತಪ್ಪಿಸುತ್ತದೆ. ಶಾಲಾ ಪ್ರವಾಸದ ಮಕ್ಕಳನ್ನು ಗುಂಡು ಹಾರಿಸಿದ್ದು ಯಾರು ಎಂದು ಕೇಳಿ ನೋಡಿ, ‘ಬ್ರಿಟಿಷರು’ ಎಂಬ ಉತ್ತರ ಗ್ಯಾರಂಟಿ. 1919ರಲ್ಲಿ ಅಮೃತಸರದಲ್ಲಿ ಡಯರ್ ತಂದದ್ದು ಬ್ರಿಟಿಷ್ ಸರ್ಕಾರದ ಸೈನಿಕರನ್ನು. ಇಲ್ಲಿ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಸಿಂಹಾಸನದಲ್ಲಿ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕೆರೆ, ಅಣೆಕಟ್ಟು, ವಿದ್ಯುತ್ತು, ವಿಶ್ವವಿದ್ಯಾಲಯ ಎಂದು ನಾವು ಹೆಮ್ಮೆಯಿಂದ ಹೇಳುವ ಅದೇ ಮಾದರಿ ಸಂಸ್ಥಾನದಲ್ಲಿ ಇದೂ ಆಯಿತು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನೋಡುವುದು ಸ್ವಲ್ಪ ಕಷ್ಟ. ಆದರೆ ಹಾಗೆ ನೋಡದಿದ್ದರೆ ಇಲ್ಲಿಯವರೆಗೆ ಬಂದು ಪ್ರಯೋಜನವಿಲ್ಲ.

ಆಮೇಲೆ ಏನಾಯಿತು ಎಂಬುದನ್ನೂ ತಿಳಿದುಕೊಂಡು ಹೋಗಿ. ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಸಮಿತಿ ಬಂತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರ ಜತೆ ಮಾತುಕತೆ ನಡೆಸಿದರು. ಮಿರ್ಜಾ–ಪಟೇಲ್ ಒಪ್ಪಂದ ಎಂದು ಕರೆಯುವುದು ಇದನ್ನೇ. ಅದರ ತಿರುಳು ಬಾವುಟಕ್ಕೇ ಸಂಬಂಧಪಟ್ಟದ್ದು: ವಿಶೇಷ ಸಂದರ್ಭಗಳಲ್ಲಿ ಸಂಸ್ಥಾನದ ಬಾವುಟದ ಜತೆ ಕಾಂಗ್ರೆಸ್ ಬಾವುಟವೂ ಹಾರಬಹುದು, ಪಕ್ಷದ ಸ್ವಂತ ಸಭೆಗಳಲ್ಲಿ ಅದೊಂದೇ ಹಾರಬಹುದು. ಮೈಸೂರು ಕಾಂಗ್ರೆಸ್ಸಿಗೆ ಸರ್ಕಾರದ ಮಾನ್ಯತೆಯೂ ಸಿಕ್ಕಿತು.

ಬಾವುಟದ ಮಾತು ಬಂದದ್ದಕ್ಕೆ ಇದೊಂದು. 1938ರ ಧ್ವಜದ ನಡುವೆ ಇದ್ದದ್ದು ಚರಕ. ಅಶೋಕ ಚಕ್ರ ಬಂದದ್ದು 1947ರ ಜುಲೈನಲ್ಲಿ. ಚಿತ್ರ, ಶಿಲ್ಪ, ಫಲಕ ಯಾವುದೇ ಇರಲಿ, ಬಾವುಟದ ಬಿಳಿ ಪಟ್ಟಿಯಲ್ಲಿ ಏನಿದೆ ಎಂದು ಹತ್ತಿರ ಹೋಗಿ ನೋಡಲು ಮಕ್ಕಳಿಗೆ ಹೇಳಿ. ಚರಕ ಕಂಡರೆ ಕಾಲ ಹೊಂದುತ್ತದೆ, ಚಕ್ರ ಕಂಡರೆ ಬರೆದವರು ಇವತ್ತಿನ ಬಾವುಟ ನೋಡಿಕೊಂಡು ಬರೆದಿದ್ದಾರೆ ಎಂದರ್ಥ. ಐದನೇ ಕ್ಲಾಸಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಇತಿಹಾಸದ ಪಾಠ ಇಲ್ಲ. ಬೇಸರವೂ ಆಗುವುದಿಲ್ಲ.

ನೋಡುವ ಕ್ರಮದಲ್ಲಿ ಮೊದಲು ಸ್ತೂಪ, ಆಮೇಲೆ ಸೌಧದ ಚಿತ್ರ ಗ್ಯಾಲರಿ, ಕೊನೆಗೆ ದೇವಸ್ಥಾನ. ಗ್ಯಾಲರಿಯಲ್ಲಿ ದೇಶದ ಸ್ವಾತಂತ್ರ್ಯ ಹೋರಾಟದ ಚಿತ್ರಗಳೇ ಬಹಳ. ಮೊದಲೇ ಅಲ್ಲಿಗೆ ನುಗ್ಗಿದರೆ 1857, ದಂಡಿ, ಕ್ವಿಟ್ ಇಂಡಿಯಾ ನೋಡುವಷ್ಟರಲ್ಲಿ ಕಣ್ಣು ದಣಿದು, ಈ ಊರಿನ ಭಾಗ ಬಂದಾಗ ಕಾಲು ಬಾಗಿಲ ಕಡೆ ತಿರುಗಿರುತ್ತದೆ. ಮೈಸೂರು ಸಂಸ್ಥಾನಕ್ಕೂ ವಿದುರಾಶ್ವತ್ಥಕ್ಕೂ ಸಂಬಂಧಿಸಿದ್ದನ್ನು ಮೊದಲು ಹುಡುಕಿ ಓದಿ, ಉಳಿದದ್ದನ್ನು ಆಮೇಲೆ. ಗಾಂಧಿ–ನೆಹರೂ ಚಿತ್ರಗಳು ಎಲ್ಲಿ ಬೇಕಾದರೂ ಸಿಗುತ್ತವೆ.

ದೇವಸ್ಥಾನವನ್ನು ಕೊನೆಗೆ ಇಡುವುದಕ್ಕೆ ಇನ್ನೊಂದು ಕಾರಣ ಇದೆ. ವಿದುರ ನೆಟ್ಟದ್ದೆಂದು ನಂಬುವ ಹಳೇ ಅಶ್ವತ್ಥ ಮರ 2001ರಲ್ಲಿ ಉರುಳಿತು. ಸುತ್ತ ಸಾವಿರಾರು ನಾಗರಕಲ್ಲುಗಳು ಒಂದಕ್ಕೊಂದು ಒರಗಿಕೊಂಡಂತೆ ನಿಂತಿವೆ. ಹೊಸ ಕಲ್ಲಿನಲ್ಲಿ ಹೆಣೆದುಕೊಂಡ ಎರಡು ಹಾವುಗಳ ಹುರುಪೆ ಇನ್ನೂ ಚೂಪು. ಹಳೇದರಲ್ಲಿ ಅರಿಶಿನ ಕುಂಕುಮ ಗೀರುಗಳೊಳಗೆ ಇಳಿದು ಒಣಗಿ, ಹೆಡೆ ಯಾವುದು ಬಾಲ ಯಾವುದು ಎಂದು ಬೆರಳಾಡಿಸಿ ನೋಡಬೇಕು. ಮೊದಲು ಇಲ್ಲಿಗೆ ಬಂದರೆ ಮನಸ್ಸು ಇಲ್ಲೇ ಕೂತುಬಿಡುತ್ತದೆ. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಕಲ್ಲುಹಾಸಿನ ಮೇಲೆ ನಡೆಯುವುದು ಸುಲಭವಲ್ಲ, ಒಂದು ಜತೆ ದಪ್ಪ ಕಾಲುಚೀಲ ಬ್ಯಾಗಿನಲ್ಲಿರಲಿ.

ಯಾವ ದಿನ ಹೋಗಬೇಕು? ನಾಗರಪಂಚಮಿ, ಜಾತ್ರೆ, ಭಾನುವಾರ ಬೇಡ. ಏಪ್ರಿಲ್ 25ಕ್ಕೇ ಹೋಗಬೇಕೆಂಬ ಆಸೆ ಸಹಜ, ಆದರೆ ಅದು ಹಾರ, ಭಾಷಣ, ಕಾರುಗಳ ಸಾಲಿನ ದಿನ. ಫಲಕ ಓದುವ ದಿನವಲ್ಲ. ಜತೆಗೆ ಈ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ. ನವೆಂಬರಿಂದ ಫೆಬ್ರವರಿ ತನಕದ ಒಂದು ವಾರದ ದಿನ, ಬೆಳಗ್ಗೆ ಹತ್ತರ ಹೊತ್ತಿಗೆ ತಲುಪುವಂತೆ ಹೊರಟರೆ ಸರಿ. ತೀರಾ ಬೇಗ ಹೋದರೆ ಸೌಧದ ಬಾಗಿಲು ಹಾಕಿರಬಹುದು, ಮಧ್ಯಾಹ್ನ ಊಟದ ಹೊತ್ತಿಗೂ ಅದೇ ಗತಿ. ಬಾಗಿಲು ಹಾಕಿದ್ದರೆ ವಾಪಸ್ ಹೊರಡಬೇಡಿ. ದೇವಸ್ಥಾನದ ಕಚೇರಿಯಲ್ಲೋ ಪೂಜೆ ಸಾಮಾನಿನ ಅಂಗಡಿಯಲ್ಲೋ ಬೀಗದ ಕೈ ಯಾರ ಹತ್ತಿರ ಎಂದು ವಿಚಾರಿಸಿ. ಗಡಿ ಊರು, ತೆಲುಗಿನಲ್ಲಿ ಉತ್ತರ ಬಂದರೂ ಆಶ್ಚರ್ಯವಿಲ್ಲ. ಶಾಲೆಯಿಂದ ಇಡೀ ಬಸ್ಸು ತರುವವರು ಮುಂಚೆಯೇ ತಿಳಿಸಿಟ್ಟರೆ ಒಳ್ಳೆಯದು, ನಲವತ್ತು ಮಕ್ಕಳನ್ನು ಒಂದೇ ಸಲ ಒಳಗೆ ಬಿಟ್ಟರೆ ಯಾರೂ ಏನೂ ಓದುವುದಿಲ್ಲ. ಎರಡು ಗುಂಪು ಮಾಡಿ, ಒಂದು ಸ್ತೂಪದ ಹತ್ತಿರ, ಇನ್ನೊಂದು ಗ್ಯಾಲರಿಯಲ್ಲಿ, ಆಮೇಲೆ ಅದಲುಬದಲು.

ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರ, ತೊಂಡೇಬಾವಿ ಮೇಲೆ ಗೌರಿಬಿದನೂರಿಗೆ ಸುಮಾರು 75–80 ಕಿಲೋಮೀಟರ್. ಕಾರಿನಲ್ಲಿ ಎರಡು ಗಂಟೆ ಹಿಡಿಯಿರಿ. ಘಾಟಿ ಸುಬ್ರಹ್ಮಣ್ಯಕ್ಕೆ ಜನ ನುಗ್ಗುವ ದಿನಗಳಲ್ಲಿ ದೊಡ್ಡಬಳ್ಳಾಪುರದ ಆಸುಪಾಸು ಅರ್ಧ ಗಂಟೆ ಜಾಸ್ತಿ. ಬಸ್ಸಾದರೆ ಗೌರಿಬಿದನೂರಿನಲ್ಲಿ ಇಳಿದು ಇನ್ನೊಂದು ಹಿಡಿಯುವುದು ವಾಸಿ. ಹತ್ತುವ ಮುಂಚೆ ‘ವಿದುರಾಶ್ವತ್ಥ ದೇವಸ್ಥಾನದ ತನಕ ಹೋಗುತ್ತಾ?’ ಎಂದು ಕಂಡಕ್ಟರನ್ನು ಕೇಳಿ, ‘ಹಿಂದೂಪುರ’ ಎಂಬ ಬೋರ್ಡ್ ನೋಡಿ ಹತ್ತಬೇಡಿ. ಆಟೋ ಮಾಡಿದರೆ ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮೊದಲೇ ರೇಟು ಮಾತಾಡಿ.

ರೈಲು ಇಷ್ಟಪಡುವವರಿಗೆ ಇದು ಚಂದದ ದಾರಿ. ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟ ಕಿಟಕಿಗೇ ಬರುತ್ತದೆ. ಗೌರಿಬಿದನೂರು ಆದ ಮೇಲಿನ ಸ್ಟೇಷನ್ನೇ ವಿದುರಾಶ್ವತ್ಥ. ಜನ ಎಡವುವುದು ಇಲ್ಲೇ: ಈ ಸಣ್ಣ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗಳನ್ನು ಬಿಟ್ಟರೆ ಬೇರೆ ನಿಲ್ಲುತ್ತದೆಂದು ನಂಬಬೇಡಿ. ಎಕ್ಸ್‌ಪ್ರೆಸ್ ಹತ್ತಿದವರು ಸೀದಾ ಹಿಂದೂಪುರದಲ್ಲಿ ಇಳಿದಾರು. ವಾಪಸ್ ಗಾಡಿಯ ಸಮಯವನ್ನು ಬೆಳಗ್ಗೆಯೇ ನೋಡಿ ಬರೆದಿಟ್ಟುಕೊಳ್ಳಿ. ಊಟಕ್ಕೆ ಗೌರಿಬಿದನೂರು ಪೇಟೆಯೇ ಗತಿ. ದೇವಸ್ಥಾನದ ಹತ್ತಿರ ಜಾತ್ರೆ, ಹಬ್ಬ ಬಿಟ್ಟರೆ ಟೀ, ಬಿಸ್ಕತ್ತು, ಎಳನೀರು ಸಿಕ್ಕರೆ ಪುಣ್ಯ. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬರುವವರೇ ಜಾಣರು. ಉತ್ತರ ಪಿನಾಕಿನಿಯಲ್ಲಿ ನೀರು ನೋಡುವ ಆಸೆ ಇಟ್ಟುಕೊಂಡು ಬರಬೇಡಿ, ವರ್ಷದ ಬಹುಪಾಲು ಅದು ಮರಳು ಮತ್ತು ಜಾಲಿ.

ಎರಡನೇ ದಿನ ಇದ್ದರೆ ನಂದಿದುರ್ಗ. ವಿದುರಾಶ್ವತ್ಥ ಮತ್ತು ನಂದಿ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಎರಡೂ ಅರ್ಧಂಬರ್ಧ ಆಗುತ್ತವೆ. ಗೌರಿಬಿದನೂರಿನಿಂದ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರ ಸುಮಾರು 40 ಕಿಲೋಮೀಟರ್, ರಾತ್ರಿ ಅಲ್ಲಿ ಉಳಿದರೆ ಬೆಳಗ್ಗೆ ಬೆಟ್ಟ ಹತ್ತಿರ. ಜನ ಮಂಜು ನೋಡಲು ಏರುವ ಈ 1,478 ಮೀಟರ್ ಬೆಟ್ಟ 1791ರ ಅಕ್ಟೋಬರ್‌ನಲ್ಲಿ ಯುದ್ಧಭೂಮಿ. ಟಿಪ್ಪುವಿನ ಮೇಲೆ ನಡೆದ ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಸುಮಾರು ಮೂರು ವಾರ ಮುತ್ತಿಗೆ ಹಾಕಿತು. ಬಹುಪಾಲು ಕಡೆ ಕಡಿದಾದ ಬಂಡೆ, ಪಶ್ಚಿಮದ ಕಡೆಯಿಂದ ಮಾತ್ರ ದಾರಿ. ಹಾಗಾಗಿ ಫಿರಂಗಿಗಳನ್ನು ಆ ಕಡೆಯಿಂದಲೇ ಮೇಲಕ್ಕೆಳೆದು ಗೋಡೆ ಒಡೆದು, ಅಕ್ಟೋಬರ್ 19ರಂದು ಬೆಳದಿಂಗಳಲ್ಲಿ ಲಗ್ಗೆ ಹಾಕಿದರು. ಟಿಪ್ಪುವಿನ ಕಡೆಯವರು ಮೇಲಿನಿಂದ ಉರುಳಿಸಿದ ಕಲ್ಲುಗಳೇ ಹತ್ತುವವರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು. ಟಿಪ್ಪು ಡ್ರಾಪ್‌ನಲ್ಲಿ ಸೆಲ್ಫಿ ತೆಗೆದುಕೊಂಡಾದ ಮೇಲೆ ಪಶ್ಚಿಮದ ಕೋಟೆಗೋಡೆಯ ಗುಂಟ ಹತ್ತು ನಿಮಿಷ ನಡೆದು ಕೆಳಗೆ ನೋಡಿ, ಹತ್ತಿ ಬಂದವರ ಪಾಡು ಅರ್ಥವಾಗುತ್ತದೆ. ಇನ್ನೂ ಸರಿಯಾಗಿ ಅರ್ಥವಾಗಬೇಕಿದ್ದರೆ ಕಾರು ಬಿಟ್ಟು ಸುಲ್ತಾನಪೇಟೆ ಕಡೆಯ ಮೆಟ್ಟಿಲು ಹತ್ತಿ, 1,175 ಮೆಟ್ಟಿಲು ಎಂದು ಲೆಕ್ಕ ಹೇಳುತ್ತಾರೆ. ಮಂಡಿನೋವಿನವರಿಗೆ ಇಳಿಯುವುದೇ ಕಷ್ಟ, ಅವರು ಹತ್ತಿ ಹೋಗಿ ಗಾಡಿಯಲ್ಲಿ ಇಳಿಯಲಿ. ವಾರಾಂತ್ಯದಲ್ಲಿ ಗಾಡಿಗಳಿಗೆ ಆಗಾಗ ನಿರ್ಬಂಧ ಇರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಮಂಗಗಳ ಕಾಟ ಜೋರು, ಬ್ಯಾಗಿನ ಜಿಪ್ ಪೂರ್ತಿ ಎಳೆದಿರಲಿ.